ತಲೆಪೆಟ್ಟು, ಶಸ್ತ್ರಕ್ರಿಯೆ ಮತ್ತು ಅದರ ಫಲ

ತಲೆಗೆ ಪೆಟ್ಟು ಬಿದ್ದು ಮಿದುಳಿನ ಸುತ್ತ ರಕ್ತ ಕಟ್ಟಿಕೊಂಡ ರೋಗಿಗೆ ಶಸ್ತ್ರಕ್ರಿಯೆ ಮಾಡುವಾಗ ಕತ್ತರಿಸಿ ತೆಗೆದ ಬುರುಡೆಯ ಎಲುಬನ್ನು ಕೂಡಲೇ ಮರಳಿ ಅದರ ಜಾಗದಲ್ಲಿ ಕೂರಿಸುವುದು ಮೇಲೋ, ಕೆಲವು ತಿಂಗಳು ಹೊರಗಿಟ್ಟು ಆಮೇಲೆ ಕೂರಿಸುವುದು ಮೇಲೋ ಎಂಬ ಪ್ರಶ್ನೆ ನರಶಸ್ತ್ರವೈದ್ಯರ ನಡುವೆ ಬಹುಕಾಲದಿಂದ ಚರ್ಚೆಯಲ್ಲಿತ್ತು. 2023ರ ಏಪ್ರಿಲಿನಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿ ಅದಕ್ಕೊಂದು ಉತ್ತರ ಪ್ರಕಟವಾಯಿತು. ಇಂಗ್ಲೆಂಡಿನ ಕೇಂಬ್ರಿಜಿನ ತಜ್ಞರ ಮುಂದಾಳುತನದಲ್ಲಿ 11 ದೇಶಗಳ 40 ಆಸ್ಪತ್ರೆಗಳು ಸೇರಿ ನಡೆಸಿದ ಈ ಪರೀಕ್ಷೆಯಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶಸ್ತ್ರವೈದ್ಯರೂ, ದಿಲ್ಲಿಯ ಏಮ್ಸ್ ಹಾಗೂ ಚಂಡೀಗಢದ ಪಿ.ಜಿ.ಐ. ಸಂಸ್ಥೆಗಳವರೂ ಪಾಲುಗೊಂಡಿದ್ದರು. ಕನ್ನಡನಾಡಿನ ಒಂದು ಸಂಸ್ಥೆ ಜಗತ್ತಿಗೆ ಬೇಕಾದ ತಿಳಿವಳಿಕೆಯನ್ನು ಹೀಗೆ ಕೂಡಿಸಿಕೊಟ್ಟುದು ಸಂತೋಷದ ವಿಷಯವೇ. ಆದರೆ ಆ ವರದಿಯ ಅಂಕಿಗಳನ್ನು ಬಿಡಿಸಿ ನೋಡಿದರೆ ಸಂತೋಷಕ್ಕಿಂತ ಚಿಂತೆಗೇ ಹೆಚ್ಚು ಎಡೆಯಿದೆ.

ಇದು ವೈದ್ಯರ ಗೊಡವೆ, ದೋಸೆ ಕಾವಲಿಯ ಮುಂದೆ ನಿಂತವನಿಗೂ ಕಚೇರಿಯಲ್ಲಿ ಕಡತ ಬರೆಯುವವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರುಂಟು. ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿ ತಲೆಗೆ ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಈ ಐವತ್ತು ಸಾವಿರದಲ್ಲಿ 14,337 ಮಂದಿ ವಾಹನ ನಡೆಸುತ್ತಿದ್ದವರೇ ಅಲ್ಲ, ಹಿಂದೆ ಕೂತಿದ್ದವರು. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲು ಎಳೆದ ಮೇಲೆ ಒಂದೇ ಬೈಕಿನಲ್ಲಿ ಇಬ್ಬರು ಮೂವರು ರೂಮಿಗೆ ಹೊರಡುವುದನ್ನು ಕಾಣದವರು ನಮ್ಮ ಓದುಗರಲ್ಲಿ ಯಾರು? ಪಾರ್ಸೆಲ್ ಒಯ್ಯುವ ಹುಡುಗರ ಮಾತು ಬೇರೆ ಹೇಳಬೇಕಾಗಿಲ್ಲ. ರಸ್ತೆಯೊಂದೇ ಅಲ್ಲ, ಅಡಿಗೆಮನೆಯ ಎಣ್ಣೆ ಬಿದ್ದ ನೆಲ, ಅಟ್ಟಕ್ಕೆ ಹತ್ತುವ ಕಡಿದಾದ ಏಣಿ, ಮೋರಿಯ ಬಳಿಯ ಪಾಚಿ ಇವೂ ತಲೆಪೆಟ್ಟಿನ ಠಾವುಗಳೇ ಆಗಿವೆ.

ಮೊದಲು ಒಳಗೆ ಆಗುವುದೇನೆಂದು ತಿಳಿದುಕೊಳ್ಳುವುದು ಲೇಸು. ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ. ತನಕ ಓದಿ ಗಲ್ಲೆಯ ಹಿಂದೆ ಕೂತವರು. ಆದ್ದರಿಂದ ನಮಗೆ ಅರ್ಥವಾದ ಮಾತಿನಲ್ಲಿಯೇ ಹೇಳುತ್ತೇವೆ. ಬುರುಡೆಯ ಎಲುಬಿನ ಒಳಮೈಗೆ ಒತ್ತಿಕೊಂಡಂತೆ ಡ್ಯೂರಾ ಎಂಬ ಗಟ್ಟಿ ಪೊರೆಯೊಂದಿದೆ. ಮಿದುಳು ಇರುವುದು ಆ ಪೊರೆಯ ಒಳಗೆ. ಪೆಟ್ಟಿನಿಂದ ಒಡೆದ ನಾಳದ ರಕ್ತ ಎಲುಬಿಗೂ ಪೊರೆಗೂ ನಡುವೆ ತುಂಬಿದರೆ ಅದನ್ನು ಎಕ್ಸ್‌ಟ್ರಾಡ್ಯೂರಲ್ ಎಂದೂ, ಪೊರೆಗೂ ಮಿದುಳಿಗೂ ನಡುವೆ ತುಂಬಿದರೆ ಸಬ್‌ಡ್ಯೂರಲ್ ಎಂದೂ ವೈದ್ಯರು ಕರೆಯುತ್ತಾರೆ. ಎರಡರಲ್ಲಿಯೂ ಅಪಾಯದ ಮೂಲ ಒಂದೇ. ಕುಕ್ಕರಿಗಾದರೆ ಆವಿ ಹೊರಗೆ ಹೋಗಲು ದಾರಿಯುಂಟು, ಬುರುಡೆಗೆ ಅದಿಲ್ಲ. ರಕ್ತ ಸೇರಿದಷ್ಟೂ ಮಿದುಳು ಇಕ್ಕಟ್ಟಿಗೆ ಸಿಕ್ಕಿ, ಕೊನೆಗೆ ಕೆಳಮುಖವಾಗಿ ತಳ್ಳಲ್ಪಟ್ಟು, ಉಸಿರಾಟವನ್ನು ನಡೆಸುವ ಭಾಗವೇ ಒತ್ತಿಹೋಗುತ್ತದೆ. ಕಣ್ಣಿನ ಪಾಪೆ ಅಗಲವಾಗಿ ಬೆಳಕಿಗೆ ಅಲುಗದೆ ನಿಂತಿತೆಂದರೆ ಆ ಹಂತ ಹತ್ತಿರ ಬಂದಿತೆಂದು ಅರ್ಥ.

ಅಪಾಯದ ಮೂಲ ಒಂದೇ ಆದರೂ ಶಸ್ತ್ರಕ್ರಿಯೆಯ ಫಲದಲ್ಲಿ ಇವೆರಡಕ್ಕೂ ಅಜಗಜಾಂತರ. ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವದಲ್ಲಿ ಸಾಮಾನ್ಯವಾಗಿ ಒಡೆಯುವುದು ಕಣತಲೆಯ ತೆಳುವಾದ ಎಲುಬಿನ ಒಳಗೆ ಹರಿಯುವ ಒಂದು ಅಪಧಮನಿ. ಎಷ್ಟೋ ವೇಳೆ ಮಿದುಳಿಗೆ ಸ್ವತಃ ಹೆಚ್ಚಿನ ಗಾಯವಾಗಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಎಲುಬು ತೆರೆದು ರಕ್ತ ತೆಗೆದು ನಾಳವನ್ನು ಮುಚ್ಚಿದರೆ ರೋಗಿ ಎದ್ದು ನಡೆಯುತ್ತಾನೆ. ಎಲ್ಲ ವಯಸ್ಸಿನವರನ್ನೂ ಎಲ್ಲ ಸ್ಥಿತಿಯವರನ್ನೂ ಸೇರಿಸಿದರೂ ಈ ಶಸ್ತ್ರಕ್ರಿಯೆ ಆದವರಲ್ಲಿ ಸಾಯುವವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಪ್ರಜ್ಞೆ ತಪ್ಪುವ ಮೊದಲೇ ಮೇಜಿನ ಮೇಲೆ ಮಲಗಿಸಿದವರಲ್ಲಿ ಸಾವು ಬಹಳ ಅಪರೂಪ. ಇಂತಹ ರೋಗಿ ಸತ್ತನೆಂದರೆ ಬಹುಪಾಲು ಅದು ತಡವಾದುದರ ಸಾವು.

ತಡವಾಗುವುದೇಕೆ? ಈ ರಕ್ತಸ್ರಾವಕ್ಕೆ ಒಂದು ಕಪಟವಿದೆ. ಬಿದ್ದವನು ಒಂದು ಕ್ಷಣ ಮೈಮರೆತು ಮತ್ತೆ ಏಳುತ್ತಾನೆ, ಮಾತಾಡುತ್ತಾನೆ, ಚಹಾ ಕೇಳುತ್ತಾನೆ, “ಏನೂ ಆಗಿಲ್ಲ” ಎನ್ನುತ್ತಾನೆ. ಸುತ್ತಲಿನವರು ದೇವರು ಕಾಪಾಡಿದನೆಂದು ನಿಟ್ಟುಸಿರು ಬಿಡುತ್ತಾರೆ. ಒಂದೆರಡು ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ತೂಕಡಿಕೆ. “ದಣಿದಿದ್ದಾನೆ, ಮಲಗಲಿ” ಎಂದು ದೀಪ ಆರಿಸುತ್ತಾರೆ. ಬೆಳಗಿನ ಜಾವ ಕಾವಲಿ ಕಾಯಿಸಲು ಎಬ್ಬಿಸಹೋದರೆ ಏಳುವುದಿಲ್ಲ. 2009ರ ಮಾರ್ಚ್ ತಿಂಗಳಲ್ಲಿ ಇಂಗ್ಲಿಷ್ ನಟಿ ನಟಾಶಾ ರಿಚರ್ಡ್‌ಸನ್ ಕೆನಡಾದ ಹಿಮದ ಇಳಿಜಾರಿನಲ್ಲಿ ಬಿದ್ದು, ನಗುತ್ತಲೇ ಎದ್ದು, ಬಂದ ಆಂಬುಲೆನ್ಸನ್ನು ಬೇಡವೆಂದು ಹಿಂದಕ್ಕೆ ಕಳುಹಿಸಿ ಕೋಣೆಗೆ ಹೋದರು. ಎರಡು ದಿನಗಳಲ್ಲಿ ತೀರಿಕೊಂಡರು. ಆಕೆಗೆ 45 ವರ್ಷ. ಆಗಿದ್ದುದು ಇದೇ ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ. ಹಣಕ್ಕೂ ಸೌಕರ್ಯಕ್ಕೂ ಕೊರತೆಯಿಲ್ಲದವರಿಗೇ ಹೀಗಾದರೆ, ಎಂಟು ಮಂದಿ ಒತ್ತೊತ್ತಾಗಿ ಮಲಗುವ ಕೋಣೆಯಲ್ಲಿ ಪಕ್ಕದವನ ಗೊರಕೆ ಬದಲಾಯಿತೆಂದು ಗಮನಿಸುವವರಾರು?

ತೀವ್ರ ಸಬ್‌ಡ್ಯೂರಲ್ ರಕ್ತಸ್ರಾವದ ಕತೆ ಇನ್ನೂ ಕಠೋರವಾದುದು. ಇಲ್ಲಿ ಒಡೆಯುವುದು ಹೆಚ್ಚಾಗಿ ಮಿದುಳಿನ ಮೇಲ್ಮೈಯಿಂದ ಪೊರೆಯ ಕಡೆಗೆ ಹೋಗುವ ಸಣ್ಣ ರಕ್ತನಾಳಗಳು. ಅವು ಹರಿಯುವಷ್ಟು ರಭಸದಲ್ಲಿ ತಲೆ ಅಲುಗಿದೆಯೆಂದರೆ ಮಿದುಳೂ ಜಜ್ಜಿರುತ್ತದೆ. ರಕ್ತವನ್ನು ತೆಗೆಯಬಹುದು, ಜಜ್ಜಿದ ಮಿದುಳನ್ನು ಸರಿಪಡಿಸುವ ಕತ್ತಿ ಇನ್ನೂ ಹುಟ್ಟಿಲ್ಲ. 1981ರಲ್ಲಿ ಅಮೆರಿಕದ ವೈದ್ಯರು ಪ್ರಜ್ಞೆತಪ್ಪಿ ಬಂದ ಇಂತಹ 82 ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಪೆಟ್ಟು ಬಿದ್ದ ನಾಲ್ಕು ಗಂಟೆಗಳೊಳಗೆ ಶಸ್ತ್ರಕ್ರಿಯೆ ಆದವರಲ್ಲಿ ನೂರಕ್ಕೆ 30 ಮಂದಿ ಸತ್ತರೆ, ನಾಲ್ಕು ಗಂಟೆ ಮೀರಿದವರಲ್ಲಿ ಸತ್ತವರು ನೂರಕ್ಕೆ 90. ಅಂದಿನಿಂದ ‘ನಾಲ್ಕು ಗಂಟೆ’ ಎಂಬುದು ಒಂದು ಮಂತ್ರವೇ ಆಯಿತು. ಮುಂದಿನ ಅಧ್ಯಯನಗಳಲ್ಲಿ ವ್ಯತ್ಯಾಸ ಅಷ್ಟು ನಿಚ್ಚಳವಾಗಿ ಕಂಡುಬರಲಿಲ್ಲವೆಂಬುದನ್ನೂ ಹೇಳಬೇಕು. ತೀರ ಕೆಟ್ಟ ಸ್ಥಿತಿಯವರನ್ನೇ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೊತ್ತುತರುವುದರಿಂದ ಬೇಗ ಬಂದವರ ಲೆಕ್ಕ ಎಷ್ಟೋ ಬಾರಿ ಕೆಟ್ಟದಾಗಿ ತೋರುತ್ತದೆ. ಹಾಗಿದ್ದೂ, ಒತ್ತಡಕ್ಕೆ ಸಿಕ್ಕಿದ ಮಿದುಳಿಗೆ ಕಾಯುವಿಕೆಯಿಂದ ಹಿತವಾಯಿತೆಂದು ಯಾರೂ ಹೇಳಿಲ್ಲ.

ಇನ್ನು 2023ರ ವರದಿಗೆ ಬರೋಣ. ತೀವ್ರ ಸಬ್‌ಡ್ಯೂರಲ್ ರಕ್ತಸ್ರಾವಕ್ಕೆ ಬುರುಡೆಯಲ್ಲಿ ಅಂಗೈಯಗಲದ, ಕನಿಷ್ಠ 11 ಸೆಂಟಿಮೀಟರ್ ಉದ್ದದ ಕಿಟಕಿಯನ್ನೇ ತೆರೆಯಬೇಕಾಗುತ್ತದೆ. ರಕ್ತ ತೆಗೆದ ಮೇಲೆ ಎಲುಬಿನ ಹಲಗೆಯನ್ನು ಮರಳಿ ಕೂರಿಸಿ ಹೊಲಿಯುವುದು ಒಂದು ಕ್ರಮ. ಮಿದುಳು ಬಾತುಕೊಂಡರೆ ಎಡೆಯಿರಲಿ ಎಂದು ಎಲುಬನ್ನು ಹೊರಗಿಟ್ಟು ಚರ್ಮ ಮಾತ್ರ ಹೊಲಿಯುವುದು ಇನ್ನೊಂದು. ಹೊರಗಿಟ್ಟ ಎಲುಬನ್ನು ಶೀತಪೆಟ್ಟಿಗೆಯಲ್ಲೋ ರೋಗಿಯದೇ ಹೊಟ್ಟೆಯ ಚರ್ಮದಡಿಯಲ್ಲೋ ಕಾದಿಡುತ್ತಾರೆ. ಅಷ್ಟು ದಿನ ತಲೆಯ ಒಂದು ಪಕ್ಕ ಎಲುಬಿನ ರಕ್ಷಣೆಯಿಲ್ಲದೆ ಮೆತ್ತಗಿರುತ್ತದೆ. ಪರೀಕ್ಷೆಯಲ್ಲಿ 228 ರೋಗಿಗಳಿಗೆ ಮೊದಲ ಕ್ರಮವನ್ನೂ 222 ರೋಗಿಗಳಿಗೆ ಎರಡನೆಯದನ್ನೂ ಚೀಟಿ ಎತ್ತಿದಂತೆ ಹಂಚಲಾಗಿತ್ತು. ಎಲುಬು ಕೂರಿಸಲು ಸಾಧ್ಯವೇ ಇಲ್ಲದಷ್ಟು ಮಿದುಳು ಉಬ್ಬಿದ್ದವರನ್ನು ಈ ಹಂಚಿಕೆಯಲ್ಲಿ ಸೇರಿಸಿರಲಿಲ್ಲ.

ಒಂದು ವರ್ಷದ ಬಳಿಕ ಲೆಕ್ಕ ಹಾಕಿದಾಗ ಎಲುಬು ಕೂರಿಸಿದವರಲ್ಲಿ ನೂರಕ್ಕೆ 30.2 ಮಂದಿಯೂ, ಹೊರಗಿಟ್ಟವರಲ್ಲಿ 32.2 ಮಂದಿಯೂ ಸತ್ತಿದ್ದರು. ಒಳ್ಳೆಯ ಚೇತರಿಕೆ ಕಂಡವರು ಕ್ರಮವಾಗಿ 25.6 ಮತ್ತು 19.9. ಒಟ್ಟಾರೆ ಫಲದಲ್ಲಿ ಎರಡು ಕ್ರಮಗಳ ನಡುವೆ ಖಚಿತವಾದ ವ್ಯತ್ಯಾಸವಿಲ್ಲವೆಂಬುದೇ ತಜ್ಞರ ತೀರ್ಮಾನ. ತೊಂದರೆಗಳು ಮಾತ್ರ ಬೇರೆ ಬೇರೆ. ಎಲುಬು ಕೂರಿಸಿದವರಲ್ಲಿ ನೂರಕ್ಕೆ 14.6 ಮಂದಿಗೆ ಎರಡು ವಾರಗಳೊಳಗೆ ತಲೆಯ ಮೇಲೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಯಿತು. ಇನ್ನೊಂದು ಗುಂಪಿನಲ್ಲಿ 6.9 ಮಂದಿಗೆ. ಗಾಯ ಕೀವಾಗುವುದೇ ಮೊದಲಾದ ತೊಂದರೆ ಎಲುಬು ಕೂರಿಸಿದವರಲ್ಲಿ 3.9 ಆದರೆ ಹೊರಗಿಟ್ಟವರಲ್ಲಿ 12.2. ಸುಲಭವಾಗಿ ಕೂರುವಂತಿದ್ದರೆ ಎಲುಬನ್ನು ಕೂರಿಸಿಬಿಡುವುದೇ ಮೇಲೆಂದು ಇದರಿಂದ ವೈದ್ಯರು ತಿಳಿದುಕೊಂಡಿದ್ದಾರೆ. ಹೊರಗಿಟ್ಟ ಎಲುಬಿಗಾಗಿ ಬದುಕುಳಿದವನು ಮತ್ತೊಮ್ಮೆ ಆಸ್ಪತ್ರೆ ಸೇರಬೇಕು, ಮತ್ತೊಂದು ಬಿಲ್ಲು ತೆರಬೇಕು. ಬಡವನ ಪಾಲಿಗೆ ಇದು ಸಣ್ಣ ಮಾತಲ್ಲ.

ನಮ್ಮ ದೃಷ್ಟಿಗೆ ಬಿದ್ದುದು ಬೇರೆಯೇ ಒಂದು ಸಂಗತಿ. ಜಗತ್ತಿನ ನುರಿತ ಕೈಗಳು ಉತ್ತಮ ಆಸ್ಪತ್ರೆಗಳಲ್ಲಿ, ಈ ಕ್ರಮದಿಂದಾಗಲಿ ಆ ಕ್ರಮದಿಂದಾಗಲಿ, ಶಸ್ತ್ರಕ್ರಿಯೆ ನಡೆಸಿಯೂ ವರ್ಷದೊಳಗೆ ಮೂವರಲ್ಲಿ ಸುಮಾರು ಒಬ್ಬನು ಸತ್ತನು. ಒಳ್ಳೆಯ ಚೇತರಿಕೆ ಕಂಡವರು ನಾಲ್ವರಲ್ಲೋ ಐವರಲ್ಲೋ ಒಬ್ಬನು. ಶಸ್ತ್ರವೈದ್ಯನ ಕೈಯಲ್ಲಿರುವ ಆಯ್ಕೆಗಳಿಂದ ಈ ಲೆಕ್ಕ ಹೆಚ್ಚೇನೂ ಅಲುಗಲಿಲ್ಲ. ಹಾಗಾದರೆ ಲೆಕ್ಕವನ್ನು ಅಲುಗಿಸಬಲ್ಲ ಸಂಗತಿಗಳು ಆಪರೇಷನ್ ಕೋಣೆಯ ಹೊರಗೆ, ಅದಕ್ಕಿಂತ ಮೊದಲೂ ಆಮೇಲೂ ಇವೆಯೆಂದು ಆಯಿತು. ಅವುಗಳಲ್ಲಿ ಕೆಲವಂತೂ ನಮ್ಮ ನಿಮ್ಮ ಕೈಯಲ್ಲೇ ಇವೆ.

ಸತ್ತವರನ್ನೂ ಚೆನ್ನಾಗಿ ಚೇತರಿಸಿದವರನ್ನೂ ಕಳೆದರೆ ಉಳಿಯುವ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಏನಾದರು? 2016ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಇದನ್ನು ಇನ್ನೂ ನಿಷ್ಠುರವಾಗಿ ತೋರಿಸಿತು. ಯಾವ ಔಷಧಕ್ಕೂ ಇಳಿಯದ ಒತ್ತಡಕ್ಕಾಗಿ ಬುರುಡೆ ತೆರೆದ ರೋಗಿಗಳಲ್ಲಿ ಆರು ತಿಂಗಳ ಸಾವು ನೂರಕ್ಕೆ 48.9ರಿಂದ 26.9ಕ್ಕೆ ಇಳಿಯಿತು. ಆದರೆ ಕಣ್ಣು ತೆರೆದೂ ಅರಿವಿಲ್ಲದೆ ಮಲಗಿರುವವರ ಸಂಖ್ಯೆ 2.1ರಿಂದ 8.5ಕ್ಕೆ ಏರಿತು. ಶಸ್ತ್ರಕ್ರಿಯೆ ಮಾಡದಿದ್ದರೆ ಸಾಯುತ್ತಿದ್ದವರಲ್ಲಿ ಕೆಲವರು ಬದುಕಿದರು. ಹಾಗೆ ಬದುಕಿದವರಲ್ಲಿ ಕೆಲವರು ಹಾಸಿಗೆಯಲ್ಲೇ ಉಳಿದರು. ಗ್ಲಾಸ್ಗೋ ನಗರದ ವೈದ್ಯರು 1975ರಲ್ಲಿ ಇಂತಹ ರೋಗಿಗಳ ಗತಿಯನ್ನು ಅಳೆಯಲು ಒಂದು ಮೆಟ್ಟಿಲುಸಾಲು ರೂಪಿಸಿದರು. ಈಗ ಬಳಕೆಯಲ್ಲಿರುವ ಅದರ ವಿಸ್ತೃತ ರೂಪದಲ್ಲಿ ಸಾವಿನಿಂದ ಪೂರ್ಣ ಚೇತರಿಕೆಯವರೆಗೆ ಎಂಟು ಮೆಟ್ಟಿಲುಗಳಿವೆ. ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಬಹುದೇ, ಅಂಗಡಿಗೆ ಹೋಗಿ ಬರಬಲ್ಲನೇ, ಹಿಂದಿನ ಕೆಲಸ ಮಾಡಬಲ್ಲನೇ ಎಂಬಂತಹ ಪ್ರಶ್ನೆಗಳಿಂದ ರೋಗಿ ಯಾವ ಮೆಟ್ಟಿಲಲ್ಲಿದ್ದಾನೆಂದು ನಿರ್ಧರಿಸುತ್ತಾರೆ.

ನಾವು ಹೋಟೆಲು ನಡೆಸುತ್ತಿದ್ದ ವರ್ಷಗಳಲ್ಲಿ ಕುಂದಾಪುರದ ಕಡೆಯ ಒಬ್ಬ ಸಪ್ಲೈಯರ್ ಹುಡುಗ ಅಟ್ಟದ ಏಣಿಯಿಂದ ಜಾರಿ ಬಿದ್ದನು. ಮೊದಲು ಒಯ್ದ ಆಸ್ಪತ್ರೆಯಲ್ಲಿ ರಾತ್ರಿ ಸಿ.ಟಿ. ಯಂತ್ರ ನಡೆಸುವವರಿರಲಿಲ್ಲ, ಎರಡನೆಯದರಲ್ಲಿ ಚಿತ್ರ ತೆಗೆದು, ಸಬ್‌ಡ್ಯೂರಲ್ ಎಂದು ಹೇಳಿ, ಎಲುಬು ಹೊರಗಿಡಬೇಕಾದೀತು, ಯಾರು ಸಹಿ ಹಾಕುತ್ತೀರಿ ಎಂದು ಕೇಳಿದರು. ಊರಿನಲ್ಲಿದ್ದ ತಂದೆಗೆ ಫೋನು ಮಾಡಿದರೆ ಅವರು ಹೇಳಿದ್ದು ಇಷ್ಟೇ: “ನಂಗೆಂತ ತಿಳಿತ್ತ್ ಅಯ್ಯಾ, ನೀವೇ ಕಂಡ್ಕಣಿ.” ನಾವು ಸಹಿ ಹಾಕಿದೆವು. ಹುಡುಗ ಬದುಕಿದನು. ಐದು ತಿಂಗಳ ಬಳಿಕ ಕೆಲಸಕ್ಕೂ ಬಂದನು. ಆರು ಮೇಜಿನ ಆರ್ಡರನ್ನು ಚೀಟಿಯಿಲ್ಲದೆ ಒಪ್ಪಿಸುತ್ತಿದ್ದವನು ಎರಡು ಕಾಫಿ, ಒಂದು ಮಸಾಲೆ ದೋಸೆ ಎಂದರೆ ಕೌಂಟರಿಗೆ ಬರುವಷ್ಟರಲ್ಲಿ ಮರೆತಿರುತ್ತಿದ್ದನು. ಗಿರಾಕಿ ಗದರಿದರೆ ಅಳುತ್ತಿದ್ದನು, ಇಲ್ಲವೆ ಲೋಟ ಕುಕ್ಕುತ್ತಿದ್ದನು. ಆಸ್ಪತ್ರೆಯ ಪುಸ್ತಕದಲ್ಲಿ ಅವನು ಮೇಲಿನ ಮೆಟ್ಟಿಲುಗಳವನೇ ಸರಿ. ಕೈಕಾಲು ಆಡುತ್ತವೆ, ತಾನೇ ಉಣ್ಣುತ್ತಾನೆ, ರೈಲು ಹತ್ತಿ ಊರಿಗೆ ಹೋಗಿಬರುತ್ತಾನೆ. ಆದರೆ ಸಪ್ಲೈಯರನ ಬಂಡವಾಳವೆಲ್ಲ ನೆನಪು ಮತ್ತು ತಾಳ್ಮೆ. ಗುಮಾಸ್ತನ ಬಂಡವಾಳವೂ ಅದೇ. ಇಂತಹವರಿಗೆ ಬೇಕಾದ ಮಾತಿನ ತರಬೇತಿ, ನೆನಪಿನ ಅಭ್ಯಾಸ, ವ್ಯಾಯಾಮ ಚಿಕಿತ್ಸೆಗಳು ನಿಮ್ಹಾನ್ಸಿನಂತಹ ಕೆಲವೇ ಕಡೆ ದೊರೆಯುತ್ತವೆ. ಹೊಲಿಗೆ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯಿತೆಂದು ಚೀಟಿ ಕೊಟ್ಟು ಕಳುಹಿಸುವುದು ಉಳಿದೆಡೆ ರೂಢಿಯಾಗಿದೆ.

ಸಹಿಯ ವಿಷಯದಲ್ಲಿ ಓದುಗರು ತಿಳಿದಿರಬೇಕಾದ ಮಾತೊಂದಿದೆ. ಪ್ರಾಣಾಪಾಯದಲ್ಲಿ, ರೋಗಿಗೆ ಪ್ರಜ್ಞೆಯಿಲ್ಲದೆ, ಸಮ್ಮತಿ ಕೊಡಬಲ್ಲ ಬಂಧುಗಳು ಹತ್ತಿರವಿಲ್ಲದಾಗ ವೈದ್ಯನು ಸದ್ಭಾವನೆಯಿಂದ ಮಾಡಿದ ಚಿಕಿತ್ಸೆ ಅಪರಾಧವಲ್ಲವೆಂದು ನಮ್ಮ ದಂಡಸಂಹಿತೆ ಮೊದಲಿನಿಂದಲೂ ಹೇಳುತ್ತ ಬಂದಿದೆ. ಪೊಲೀಸರು ಬಂದ ಮೇಲೆ ನೋಡೋಣ ಎನ್ನುವ ಹಾಗೂ ಇಲ್ಲ. ಗಾಯಾಳುವಿಗೆ ಚಿಕಿತ್ಸೆಯೇ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ನೀಡಿದೆ. ರಸ್ತೆಯಲ್ಲಿ ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದ ದಾರಿಹೋಕನನ್ನು ಹಿಡಿದು ಪೀಡಿಸಕೂಡದೆಂದು ಅದೇ ನ್ಯಾಯಾಲಯ 2016ರಲ್ಲಿ ನಿಯಮಗಳನ್ನು ಎತ್ತಿಹಿಡಿಯಿತು; 2019ರಲ್ಲಿ ಅದು ಮೋಟಾರು ವಾಹನ ಕಾಯಿದೆಯೊಳಗೂ ಸೇರಿತು. ತನ್ನ ಹೆಸರು ಹೇಳಬೇಕೆಂಬ ಬಲವಂತವೂ ಅವನಿಗಿಲ್ಲ. ಇಷ್ಟಿದ್ದರೂ “ನಮಗೇಕೆ ಕೋರ್ಟು ಕಚೇರಿ” ಎಂದು ಸುತ್ತ ನಿಂತು ನೋಡುವ ಜನ ಕಡಿಮೆಯಾಗಿಲ್ಲ.

ಹಣದ ಮಾತು. ರಸ್ತೆ ಅಪಘಾತದ ಗಾಯಾಳುಗಳಿಗೆ ಕೈಯಿಂದ ಹಣ ಕಟ್ಟಿಸದೆ ಚಿಕಿತ್ಸೆ ನೀಡುವ ಕೇಂದ್ರ ಸರಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಒಬ್ಬ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿಗಳವರೆಗೆ, ಏಳು ದಿನಗಳ ಮಿತಿಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಇದು ದೊರೆಯುತ್ತದೆ. ಹಣ ಹೊಂದಿಸುವುದರಲ್ಲಿ ಕಳೆದುಹೋಗುವ ಮೊದಲ ಗಂಟೆಗಳನ್ನು ಉಳಿಸುವುದಾದರೆ ಇದನ್ನು ಸ್ವಾಗತಿಸದಿರಲು ಕಾರಣವಿಲ್ಲ. ಆದರೆ ಮಿದುಳಿನ ಶಸ್ತ್ರಕ್ರಿಯೆಯಾದ ರೋಗಿ ಏಳನೆಯ ದಿನಕ್ಕೆ ಎದ್ದು ಮನೆಗೆ ನಡೆಯುವುದಿಲ್ಲ. ಎಷ್ಟೋ ಮಂದಿ ಆಗಿನ್ನೂ ಉಸಿರಾಟದ ಯಂತ್ರದ ಮೇಲೆಯೇ ಇರುತ್ತಾರೆ. ಎಂಟನೆಯ ದಿನದ ಬಿಲ್ಲು ಯಾರದು ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿಲ್ಲ. ಏಣಿಯಿಂದ ಬಿದ್ದವನಿಗೂ ಅಡಿಗೆಮನೆಯಲ್ಲಿ ಜಾರಿದವನಿಗೂ ಅದು ಅನ್ವಯಿಸುವುದೂ ಇಲ್ಲ.

ಇಲ್ಲಿಯೇ ಇ.ಎಸ್.ಐ. ನೆನಪಿಗೆ ಬರುತ್ತದೆ. ಹತ್ತು ಮಂದಿ ಕೆಲಸಗಾರರಿರುವ ಹೋಟೆಲು ಇದರ ವ್ಯಾಪ್ತಿಗೆ ಬರುತ್ತದೆ. 2017ರಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರಲ್ಲಿ ಕೆಲಸಗಾರನ ವಂತಿಗೆಯನ್ನು ನೂರಕ್ಕೆ ಮುಕ್ಕಾಲು ರೂಪಾಯಿಗೂ, ಮಾಲಿಕನದನ್ನು ಮೂರೂಕಾಲು ರೂಪಾಯಿಗೂ ಇಳಿಸಿದರು. ಕೆಲಸದ ಜಾಗದ ಪೆಟ್ಟು ಮಾತ್ರವಲ್ಲದೆ, ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಆದ ಅಪಘಾತವೂ ಕೆಲಸಕ್ಕೆ ಸಂಬಂಧಿಸಿದ್ದಾದರೆ ಇದರಲ್ಲಿ ಪರಿಗಣಿತವಾಗುತ್ತದೆ. ದುಡಿಯಲಾಗದ ದಿನಗಳ ಪರಿಹಾರವೂ ಶಾಶ್ವತ ಊನಕ್ಕೆ ಮಾಸಾಶನವೂ ಉಂಟು. ಹನ್ನೆರಡು ಹುಡುಗರನ್ನಿಟ್ಟುಕೊಂಡು ಪುಸ್ತಕದಲ್ಲಿ ಒಂಬತ್ತು ಮಂದಿ ಎಂದು ಬರೆಯುವ ಜಾಣತನ ನಮ್ಮ ವೃತ್ತಿಬಾಂಧವರಲ್ಲಿ ಕೆಲವರಿಗುಂಟೆಂದು ಬಲ್ಲೆವು. ಗಲ್ಲೆಯ ಹಿಂದೆ ಕೂತು ಬಂದವರಾದ್ದರಿಂದ ಈ ಮಾತು ಹೇಳಲು ನಮಗೆ ಸಂಕೋಚವಿಲ್ಲ: ತಿಂಗಳಿಗೆ ಉಳಿಯುವ ಆ ನಾಲ್ಕು ಕಾಸು ಒಂದು ರಾತ್ರಿಯ ತಲೆಪೆಟ್ಟಿಗೆ ಸಾಲದು. ಕೆಲಸಗಾರರೂ ತಮ್ಮ ಹೆಸರು ದಾಖಲಾಗಿದೆಯೇ, ಸಂಖ್ಯೆ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಅವರ ಹಕ್ಕು.

ಶಸ್ತ್ರಕ್ರಿಯೆಗಿಂತ ಮೊದಲಿನ ಸಂಗತಿಗಳಲ್ಲಿ ಹೆಲ್ಮೆಟ್ಟಿಗೇ ಮೊದಲ ಸ್ಥಾನ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಸೈನ್ಯಾಧಿಕಾರಿ 1935ರಲ್ಲಿ ಮೋಟಾರ್ ಸೈಕಲಿನಿಂದ ಬಿದ್ದು ತಲೆಯೊಡೆದು ಸತ್ತಾಗ ಚಿಕಿತ್ಸೆಗೆ ಬಂದಿದ್ದ ಹ್ಯೂ ಕೇರ್ನ್ಸ್ ಎಂಬ ಶಸ್ತ್ರವೈದ್ಯರು, ಮುಂದೆ ಸೈನ್ಯದ ಸಂದೇಶವಾಹಕರ ತಲೆಪೆಟ್ಟುಗಳನ್ನು ಎಣಿಸಿ 1941ರಲ್ಲಿ ಹೆಲ್ಮೆಟ್ಟಿನ ಪ್ರಯೋಜನವನ್ನು ಬರೆದು ತೋರಿಸಿದರು. ಮಿದುಳು ಕೊಯ್ಯುವುದರಲ್ಲಿ ನಿಸ್ಸೀಮನಾದವನೇ ಕೊಯ್ಯುವ ಪ್ರಸಂಗ ಬಾರದಿರಲಿ ಎಂದು ಶ್ರಮಿಸಿದುದು ಗಮನಾರ್ಹ. ಆ ಬಳಿಕ ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದವರ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟೂ ತಲೆಪೆಟ್ಟಿನ ಸಂಭವವನ್ನು 69ರಷ್ಟೂ ತಗ್ಗಿಸುತ್ತದೆ. ಇಷ್ಟು ಫಲ ಕೊಡುವ ಶಸ್ತ್ರಕ್ರಿಯೆ ಈ ರೋಗಕ್ಕೆ ಯಾವುದೂ ಇಲ್ಲ. ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ನಟ ಸಂಚಾರಿ ವಿಜಯ್ 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ, ಶಸ್ತ್ರಕ್ರಿಯೆ ನಡೆದೂ ಉಳಿಯಲಿಲ್ಲ. ಮನೆಯವರು ಆ ದುಃಖದಲ್ಲಿಯೂ ಅವರ ಅಂಗಾಂಗಗಳನ್ನು ದಾನ ಮಾಡಿದರು. ಕಾಯಿದೆ ಹಿಂದಿನ ಸವಾರನಿಗೂ ಹೆಲ್ಮೆಟ್ ಬೇಕೆನ್ನುತ್ತದೆ. ಗಲ್ಲದ ಪಟ್ಟಿ ಬಿಗಿಯದೆ, ಪೊಲೀಸನ ಕಣ್ಣಿಗಾಗಿ ತಲೆಯ ಮೇಲೆ ಇಟ್ಟುಕೊಂಡದ್ದು ಬೀಳುವ ಹೊತ್ತಿಗೆ ಸವಾರನಿಗಿಂತ ಮೊದಲೇ ರಸ್ತೆ ಸೇರಿರುತ್ತದೆ.

ಎರಡನೆಯದು, ಸೇರುವ ಆಸ್ಪತ್ರೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದ ಸಿ.ಟಿ. ಯಂತ್ರ ಬರುವ ಮುನ್ನ ವೈದ್ಯರು ಊಹೆಯಿಂದಲೇ ಬುರುಡೆಯಲ್ಲಿ ತೂತು ಕೊರೆದು ರಕ್ತ ಹುಡುಕುತ್ತಿದ್ದರು. ಇಂದು ನಿಮಿಷಗಳಲ್ಲಿ ಚಿತ್ರ ಸಿಗುತ್ತದೆ. ರಕ್ತ ಸ್ವಲ್ಪವೇ ಇದ್ದರೆ ಕೊಯ್ಯದೆ, ಕಾದು, ಮತ್ತೆ ಚಿತ್ರ ತೆಗೆದು ನೋಡುವುದೂ ಸರಿಯಾದ ಚಿಕಿತ್ಸೆಯೇ. ಆದರೆ ಯಂತ್ರವಿರುವ ಎಲ್ಲ ಕಡೆ ನರಶಸ್ತ್ರವೈದ್ಯರಿಲ್ಲ. ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದಾಡುವುದರಲ್ಲಿ ಆ ನಾಲ್ಕು ಗಂಟೆಗಳು ಕರಗುತ್ತವೆ. ಬೈಂದೂರಿನ ಹೆದ್ದಾರಿಯಲ್ಲಿ ಬಿದ್ದವನನ್ನು ಮಣಿಪಾಲದವರೆಗೆ ಒಯ್ಯಬೇಕಾದ ನಮ್ಮ ಊರಿನವರ ಪಾಡಿಗೆ ಹೋಲಿಸಿದರೆ ಮಹಾನಗರದ ನಾವು ಭಾಗ್ಯವಂತರು. ಮುಂಬಯಿಯಲ್ಲಿ ಶೀವ್ ಆಸ್ಪತ್ರೆ ಮತ್ತು ಕೆ.ಇ.ಎಂ., ಪುಣೆಯಲ್ಲಿ ಸಸೂನ್, ಹೈದರಾಬಾದಿನಲ್ಲಿ ನಿಮ್ಸ್, ದಿಲ್ಲಿಯಲ್ಲಿ ಏಮ್ಸಿನ ಜಯಪ್ರಕಾಶ ನಾರಾಯಣ ಟ್ರಾಮಾ ಕೇಂದ್ರ ಇವೆಲ್ಲ ಸಾರ್ವಜನಿಕ ಸಂಸ್ಥೆಗಳು. ರಾತ್ರಿ ಎರಡು ಗಂಟೆಗೆ ಸಿ.ಟಿ. ಮತ್ತು ತಲೆಯ ಶಸ್ತ್ರಕ್ರಿಯೆ ಎರಡೂ ಎಲ್ಲಿ ನಡೆಯುತ್ತವೆಂದು ಪ್ರತಿ ಹೋಟೆಲಿನ ಗಲ್ಲೆಯ ಬಳಿ ಬರೆದು ಅಂಟಿಸಿದರೆ ಖರ್ಚೇನೂ ಇಲ್ಲ.

ಔಷಧದಲ್ಲಿ ಒಂದೇ ಒಂದು ಹೊಸ ಆಸೆ ಮೂಡಿದೆ. ಜಪಾನಿನ ಉಟಾಕೊ ಒಕಾಮೊಟೊ ದಂಪತಿಗಳು 1960ರ ದಶಕದಲ್ಲಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಮದ್ದನ್ನು 29 ದೇಶಗಳ 12,737 ತಲೆಪೆಟ್ಟಿನ ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಫಲ ಪ್ರಕಟಿಸಿದರು. ಮೂರು ಗಂಟೆಗಳೊಳಗೆ ಕೊಟ್ಟಾಗ ಸಾಧಾರಣ ಪೆಟ್ಟಿನವರಲ್ಲಿ ತಲೆಪೆಟ್ಟಿನ ಸಾವು ನೂರಕ್ಕೆ 7.5ರಿಂದ 5.8ಕ್ಕೆ ಇಳಿಯಿತು; ತೀರ ಗಂಭೀರ ಸ್ಥಿತಿಯವರಿಗೆ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಇಲ್ಲಿಯೂ ಗಡಿಯಾರವೇ ಯಜಮಾನ.

ಊರಿನಲ್ಲಿ ವೃದ್ಧ ತಂದೆತಾಯಿಗಳನ್ನು ಬಿಟ್ಟು ಬಂದವರಿಗಾಗಿ ಇನ್ನೊಂದು ವಿಷಯವನ್ನು ಹೇಳಲೇಬೇಕು, ಇದು ಸಮಾಧಾನದ್ದು. ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುವುದರಿಂದ ಬಚ್ಚಲಿನಲ್ಲಿ ಜಾರಿ ತಲೆ ತಾಗಿಸಿಕೊಂಡಂತಹ ಸಣ್ಣ ಪೆಟ್ಟಿನಿಂದಲೂ ಪೊರೆಯ ಕೆಳಗೆ ರಕ್ತ ಮೆಲ್ಲಮೆಲ್ಲನೆ ವಾರಗಟ್ಟಲೆ ಸೇರುತ್ತದೆ. ಬಿದ್ದದ್ದನ್ನು ಎಲ್ಲರೂ ಮರೆತ ಮೇಲೆ ನಡಿಗೆ ಓಲಾಡುತ್ತದೆ, ಮಾತು ತಡವರಿಸುತ್ತದೆ, ಹಗಲಲ್ಲಿ ತೂಕಡಿಕೆ, ಮರೆವು. “ಅಜ್ಜನಿಗೆ ಅರಳುಮರಳು” ಎಂದು ಮನೆಯವರು ಬಗೆಯುತ್ತಾರೆ. ಇದಕ್ಕೆ ಬುರುಡೆಯ ಕಿಟಕಿ ತೆರೆಯಬೇಕಾಗಿಲ್ಲ. ಒಂದೆರಡು ರಂಧ್ರ ಕೊರೆದು ಹಳೆಯ ರಕ್ತವನ್ನು ತೊಳೆದುಬಿಟ್ಟರೆ ಹೆಚ್ಚಿನವರು ಮರಳಿ ಮೊದಲಿನಂತಾಗುತ್ತಾರೆ. ಎರಡು ದಿನ ಕೊಳವೆಯಿಟ್ಟು ಉಳಿದುದನ್ನೂ ಬಸಿಯಬಿಟ್ಟರೆ ರಕ್ತ ಮತ್ತೆ ಕಟ್ಟುವುದು ನೂರಕ್ಕೆ 24ರಿಂದ 9ರ ಸುಮಾರಿಗೆ ಇಳಿಯುತ್ತದೆಂದು 2009ರಲ್ಲಿ ಕೇಂಬ್ರಿಜಿನವರೇ ತೋರಿಸಿದ್ದರು.

ಊರಿಗೆ ಫೋನು ಮಾಡಿದಾಗ ಅಮ್ಮನ ಮಾತು ಹಿಂದಿನಂತಿಲ್ಲವೆನಿಸಿದರೆ ಕಳೆದ ಎರಡು ತಿಂಗಳಲ್ಲಿ ಎಲ್ಲಿಯಾದರೂ ಬಿದ್ದರೇ ಎಂದು ಮನೆಯವರನ್ನು ಕೇಳಬೇಕು. ಹೃದಯದ ತೊಂದರೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂಬುದನ್ನೂ ಕೇಳಿ, ಆ ಮಾತ್ರೆಯ ಹೆಸರನ್ನು ಚೀಟಿಯಿಂದ ಓದಿಸಿ, ತಲೆಯ ಚಿತ್ರ ತೆಗೆಯುವ ವೈದ್ಯರಿಗೆ ಮೊದಲು ಅದನ್ನೇ ಹೇಳಿಸಬೇಕು.